ಕಸದ ಗಾಡಿಯ ಡೈನಮೊ

ಆಲ್ಟರ್ನೇಟರ್ ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಜಗಲಿಯ ಮೇಲೆ ಕೂತಿತ್ತು. ನಿನ್ನೆ ಮೈಸೂರಿನಿಂದ ಬರುವಾಗ ಯಶೋಧ ಅದನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬಾಬುರಾಯನಕೊಪ್ಪಲು ದಾಟುವಾಗ ಪಕ್ಕದ ಹೆಂಗಸು, "ಏನವ್ವಾ ಅದು, ಮಿಕ್ಸಿ ಮೋಟ್ರಾ?" ಎಂದು ಕೇಳಿದ್ದಕ್ಕೆ "ಹೂಂ" ಎಂದುಬಿಟ್ಟಿದ್ದಳು. ಪಂಚಾಯ್ತಿಯ ಕಸದ ಗಾಡಿಯದ್ದು ಎಂದರೆ ಇನ್ನೂ ನಾಲ್ಕು ಪ್ರಶ್ನೆ ಬರುತ್ತಿದ್ದವು. ಉತ್ತರ ಹೇಳುವ ತಾಳ್ಮೆ ಇರಲಿಲ್ಲ. ಶುಕ್ರವಾರದಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಇವತ್ತು ಸೋಮವಾರ. ಈಗ ಹನ್ನೊಂದು ಗಂಟೆ. ನಾಲ್ಕು ಗಂಟೆಗೆ ಮೀಟಿಂಗು.

ಹುಣಸೇಮಂಟಿ ಪಂಚಾಯ್ತಿಯ ಕಸದ ಗಾಡಿಯನ್ನು ಅವಳು ಓಡಿಸಲು ಶುರು ಮಾಡಿ ಒಂದು ವರ್ಷ ಎರಡು ತಿಂಗಳಾಗಿತ್ತು. ಸ್ತ್ರೀಶಕ್ತಿ ಸಂಘದಿಂದ ಹೆಸರು ಕೊಟ್ಟು, ಒಂದು ತಿಂಗಳು ಟ್ರೈನಿಂಗಿಗೆ ಹೋಗಿ, ಲೈಸೆನ್ಸು ಮಾಡಿಸಿಕೊಂಡು ಬಂದಿದ್ದಳು. ಶುಕ್ರವಾರ ಬೆಳಿಗ್ಗೆ ಕೊನೆಯ ಬೀದಿಯಲ್ಲಿ ಮೈಕಿನ ಹಾಡು ಅರ್ಧಕ್ಕೇ ನಿಂತಿತು, ಸ್ವಲ್ಪ ಮುಂದೆ ಗಾಡಿಯೂ ನಿಂತಿತು. ಕೀ ತಿರುಗಿಸಿದರೆ ಟಕ್ ಎಂದು ಒಂದೇ ಒಂದು ಸದ್ದು, ಅಷ್ಟೆ. ನಾಲ್ಕು ಜನ ಅದನ್ನು ಅವಳ ಮನೆಯ ಮುಂದಿನವರೆಗೆ ತಳ್ಳಿದರು. ತಳ್ಳಿದವರಿಗಿಂತ ನೋಡಿದವರು ಜಾಸ್ತಿ. ಪಂಚಾಯ್ತಿ ಮೆಂಬರು ಮಹದೇವಸ್ವಾಮಿ ಬೈಕು ನಿಲ್ಲಿಸಿ ಹೇಳಿದ, "ನಾನು ಮೊದ್ಲೇ ಯೋಳಿದ್ದೆ. ಹೆಣ್ಣೈಕ್ಳ ಕೈಗೆ ಗಾಡಿ ಕೊಟ್ರೆ ಮನೆ ಮುಂದೆ ನಿಲ್ಲುಸ್ಕಂಡು ರಂಗೋಲಿ ಬುಡ್ತಾರೆ ಅಂತ."

ಅವನ ಭಾಮೈದನೊಬ್ಬ ಡ್ರೈವರ್ ಕೆಲಸಕ್ಕೆ ಕಾದು ಕೂತಿರುವುದು ಊರಿಗೇ ಗೊತ್ತಿತ್ತು. ಭಾನುವಾರ ಪಿಡಿಒ ರಘುನಂದನ್ ಫೋನ್ ಮಾಡಿ, ಒಳ್ಳೆಯ ಮಾತಿನಲ್ಲೇ, ವಿಷಯ ತಿಳಿಸಿದ್ದ.

"ನೋಡಿ ಯಶೋಧ ಅವ್ರೆ, ನಾಳೆ ಮೀಟಿಂಗಲ್ಲಿ ಗಾಡಿ ವಿಷಯ ಇದೆ. ನಾಲ್ಕು ಗಂಟೆಗೆ ಗಾಡಿ ಆಫೀಸ್ ಮುಂದೆ ಇರ್ಬೇಕು. ತಳ್ಕೊಂಡಲ್ಲ, ಓಡ್ಕೊಂಡು ಬಂದಿರ್ಬೇಕು. ಆಗ ನಾನು ಏನಾದ್ರೂ ಮಾತಾಡ್ಬೋದು. ಇಲ್ಲಾಂದ್ರೆ ಅವ್ರು ಕೀ ಈಸ್ಕೊಂಡು ಬೇರೆಯವ್ರಿಗೆ ಕೊಡ್ತಾರೆ."

ಪಾಂಡವಪುರದ ಮೆಕ್ಯಾನಿಕ್ ಪುಟ್ಟರಾಜು, ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್ ಹೋಗಿದೆ, ಗುರುವಾರದವರೆಗೆ ತನ್ನಿಂದ ಆಗುವುದಿಲ್ಲ ಎಂದಿದ್ದ. ಮೈಸೂರಿನ ಅಂಗಡಿಯಲ್ಲಿ ಹಳೆಯದನ್ನೇ ರಿಪೇರಿ ಮಾಡಿ ಹೊಸದರಂತೆ ಇಟ್ಟಿದ್ದ ಒಂದು ಪೀಸು ಸಿಕ್ಕಿತು, ತಂದಳು. ಗಂಡ ಲೋಕೇಶ ಬೆಳಿಗ್ಗೆ ಫ್ಯಾಕ್ಟರಿ ಬಸ್ಸು ಹತ್ತುವ ಮೊದಲು, "ಬುಟ್ಟಾಕಮ್ಮಿ ಆ ಕಸದ ಗಾಡಿನ, ಇನ್ನೊಂದು ಸಿಕ್ತದೆ" ಎಂದು ಹೇಳಿ ಹೋಗಿದ್ದ.

ಇನ್ನೊಂದು ಸಿಗುತ್ತದೆ. ಏನು ಸಿಗುತ್ತದೆ? ಮದುವೆಯಾಗಿ ಏಳು ವರ್ಷ. ಅದರಲ್ಲಿ ಸುಮಾರು ಆರು ವರ್ಷ ಅವಳು ಈ ಮನೆಯ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಓಡಾಡಿದ್ದಳು. ಒಗೆದ ಬಟ್ಟೆಯನ್ನು ಮತ್ತೆ ಒಗೆಯುವಳು, ಜೋಡಿಸಿದ ಪಾತ್ರೆಯನ್ನು ಮತ್ತೆ ಜೋಡಿಸುವಳು. ಒಳಗೆ ಏನೋ ಒಂದು ನಿಲ್ಲದೆ ಸುತ್ತುತ್ತಲೇ ಇರುತ್ತಿತ್ತು. ಸ್ಟೀರಿಂಗ್ ಹಿಡಿದ ಮೊದಲ ದಿನ ಅದು ನಿಂತಿತು. ಬೆಳಿಗ್ಗೆ ಆರರಿಂದ ಒಂಬತ್ತೂವರೆವರೆಗೆ, ಏಳು ಬೀದಿ, ಎರಡು ಕೊಪ್ಪಲು. ಗಾಡಿ ನಡೆಯುತ್ತಿತ್ತು, ಅವಳು ಒಳಗೆ ಸುಮ್ಮನಿರುತ್ತಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ, ಕಸ ಹೊರುವುದರಲ್ಲಿ ಅಂಥಾದ್ದೇನಿದೆ ಎನ್ನುತ್ತಿದ್ದರು.

*

ಮಾವ ಅಂದಾನಯ್ಯ ಒಳಗಿನಿಂದ ತಗಡಿನ ಪೆಟ್ಟಿಗೆ ತಂದು ಗಾಡಿಯ ಪಕ್ಕ ಇಟ್ಟ. ಮೂವತ್ತೆಂಟು ವರ್ಷ ಅವನು ಟ್ರಾಕ್ಟರು, ಲಾರಿಗಳನ್ನು ಬಿಚ್ಚಿ ಕಟ್ಟಿದವನು. ರಿಟೈರಾಗಿ ಹತ್ತು ವರ್ಷವಾಗಿತ್ತು. ಎಡಗಿವಿ ಕೇಳಿಸುತ್ತಿರಲಿಲ್ಲ, ಮಂಡಿ ಮಡಚುತ್ತಿರಲಿಲ್ಲ. ಆದರೆ ಪೆಟ್ಟಿಗೆಯೊಳಗೆ ಒಂದೊಂದು ಸ್ಪ್ಯಾನರಿಗೂ ಎಣ್ಣೆ ಒರೆಸಿ ನಂಬರಿನ ಪ್ರಕಾರ ಮಲಗಿಸಿದ್ದ. ಕಸದ ಗಾಡಿ ಎಂದು ಇಷ್ಟು ದಿನ ಹತ್ತಿರ ಬಂದವನಲ್ಲ. ಇವತ್ತು ಯಾರೂ ಕರೆಯದೆ ತಾನೇ ಬಂದಿದ್ದ.

"ಡೈನಮೊ ಬಿಚ್ಚಾದು ಅಂದ್ರೆ ದೊಡ್ಡ ಕೆಲ್ಸ ಅಲ್ಲ," ಎಂದು ಅವನು ಹೆಂಡತಿಗೆ ಹೇಳಿದ. ಆಲ್ಟರ್ನೇಟರಿಗೆ ಅವನ ಕಾಲದ ಹೆಸರು ಅದು. "ಎರಡು ಬೋಲ್ಟು, ಒಂದು ಬೆಲ್ಟು, ಎರಡು ವೈರು. ಆದ್ರೆ ಅಡಿಗೆ ಮಲಿಕ್ಕಂಡು ಬಿಚ್ಬೇಕು. ನನ್ ಕೈಲಾಗಕಿಲ್ಲ. ಅವ್ಳಿಗೆ ಯೋಳು, ಗೋಣಿಚೀಲ ಹಾಸ್ಕಂಡು ಒಳಕ್ಕೆ ಓಗ್ಲಿ."

"ಗೋಣಿಚೀಲ ಹಾಸ್ಕಂಡು ಒಳಕ್ಕೆ ಓಗ್ಬೇಕಂತೆ ಕಣಮ್ಮಿ," ಎಂದಳು ಪ್ರೇಮಮ್ಮ ಜಗಲಿಯಿಂದ. ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು.

ಯಶೋಧ ಮಾವನಿಂದ ಎರಡು ಮಾರು ದೂರದಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆದರೂ ಅತ್ತೆ ಹೇಳುವವರೆಗೆ ಕಾದಳು. ಈ ಮನೆಯಲ್ಲಿ ಹಾಗೆಯೇ. ಸೊಸೆ ಮಾವನ ಹತ್ತಿರ ನೇರವಾಗಿ ಮಾತಾಡುವುದಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಪ್ರೇಮಮ್ಮ ಸೊಸೆಯಾಗಿ ಬಂದಾಗ ಹಾಗಿದ್ದಳು, ಯಶೋಧಳೂ ಹಾಗೇ ಇದ್ದಳು. ಮೊದಲು ನಾಚಿಕೆ ಇತ್ತು. ಆಮೇಲೆ ಅದೇ ರೂಢಿಯಾಯಿತು. ನಾಗಮಂಗಲದ ತವರಿನಲ್ಲಿ ಗಂಡಸರ ಸಮಕ್ಕೂ ಬಾಯಿ ಮಾಡುತ್ತಿದ್ದವಳು ಈ ಒಬ್ಬ ಮನುಷ್ಯನ ಮುಂದೆ ಏಳು ವರ್ಷದಿಂದ ಅತ್ತೆಯ ಬಾಯಿಯಲ್ಲಿ ಮಾತಾಡಿದ್ದಳು.

ಸೀರೆಯ ಮೇಲೆ ಗಂಡನ ಹಳೆಯ ಶರ್ಟು ತೊಟ್ಟು ಗಾಡಿಯ ಅಡಿಗೆ ನುಗ್ಗಿದಳು. ಮಣ್ಣು, ಡೀಸೆಲ್ಲು, ಒಣಗಿದ ಕಸದ ರಸದ ವಾಸನೆ. ಎಂಜಿನ್ನು ಡ್ರೈವರ್ ಸೀಟಿನ ಅಡಿಗಿತ್ತು. ಸೀಟು ಎತ್ತಿದ್ದರಿಂದ ಮೇಲಿನಿಂದ ಮಾವನ ಮುಖ ಕಾಣುತ್ತಿತ್ತು, ಕೆಳಗಿನಿಂದ ಇವಳ ಮುಖ. ನಡುವೆ ಎಂಜಿನ್ನು.

"ಅತ್ತೆ, ಬ್ಯಾಟ್ರಿ ವೈರು ಬಿಚ್ಚವ್ರಾ ಕೇಳಿ."

"ಬ್ಯಾಟ್ರಿ ವೈರು ಬಿಚ್ಚಿದೀರಾ ಅಂತಾವ್ಳೆ."

"ಬಿಚ್ಚಿವ್ನಿ ಅನ್ನು. ಆಗ್ಲೇ ಬಿಚ್ಚಿವ್ನಿ."

"ಬಿಚ್ಚವ್ರಂತೆ."

"ಮೇಲಿನ ಬೋಲ್ಟು ಮೊದ್ಲಾ, ಕೆಳಗಿಂದಾ?"

"ರೀ, ಮ್ಯಾಲಿಂದಾ ಕೆಳಗಿಂದಾ?"

"ಮ್ಯಾಲಿಂದು ಪೂರ್ತಿ ಬಿಚ್ಚು. ಕೆಳಗಿಂದು ಬಾಗ್ಲು ಕೀಲಿದ್ದಂಗೆ, ಸಡ್ಲ ಮಾಡುದ್ರೆ ಡೈನಮೊ ತಾನೇ ವಾಲ್ತದೆ. ವಾಲುದ್ರೆ ಬೆಲ್ಟು ಬುಟ್ಕತದೆ."

"ಕೇಳಿಸ್ತಲ್ಲ? ನಂಗೆ ಅಷ್ಟುದ್ದ ಯೋಳಕ್ಕಾಗಕಿಲ್ಲ," ಎಂದಳು ಪ್ರೇಮಮ್ಮ. "ನಾನು ಸತ್ತೋದ್ರೆ ನೀವಿಬ್ರೂ ಚೀಟಿ ಬರ್ಕಂಡು ಕುಂತ್ಕತೀರೋ ಏನೋ."

ಮೇಲಿನ ಬೋಲ್ಟು ಬಿಟ್ಟುಕೊಟ್ಟಿತು. ಕೆಳಗಿನದು ತುಕ್ಕು ಹಿಡಿದು ಕೂತಿತ್ತು. ಯಶೋಧ ಸ್ಪ್ಯಾನರಿಗೆ ಜೋತುಬಿದ್ದಳು. ಜಾರಿತು, ಬೆರಳ ಗೆಣ್ಣಿನ ಚರ್ಮ ಕಿತ್ತಿತು. ಹನ್ನೆರಡೂವರೆ. ಸೀಮೆಎಣ್ಣೆ ಬಿಟ್ಟು ಕಾಯಬೇಕು ಎಂದು ಮೇಲಿನಿಂದ ಬಂತು, ಅತ್ತೆಯ ಮೂಲಕ. ಕಾಯುವುದು! ಅವಳು ಹೊರಗೆ ಬಂದು ಗಾಡಿಯನ್ನು ಒಂದು ಸುತ್ತು ಹಾಕಿದಳು, ಇನ್ನೊಂದು ಸುತ್ತು ಹಾಕಿದಳು. ಫೋನು ತೆಗೆದು ಗಂಟೆ ನೋಡಿದಳು, ಜೇಬಿಗಿಟ್ಟಳು, ಗಂಟೆ ಎಷ್ಟು ಎಂದು ಮರೆತು ಮತ್ತೆ ತೆಗೆದಳು.

"ಉಂಡ್ಬುಡಮ್ಮಿ, ಎರಡು ತುತ್ತು," ಎಂದಳು ಅತ್ತೆ.

"ಆಮೇಲೆ."

ಮಹದೇವಸ್ವಾಮಿಯ ಬೈಕು ಆ ಹೊತ್ತಿಗೇ ಬಂತು. ದಾರಿ ಬೇರೆ ಇದ್ದರೂ ಈ ಬೀದಿಯಲ್ಲೇ ಬಂದಿದ್ದ.

"ಏನ್ ಅಂದಾನಯ್ಯಾ, ರಿಟೈರಾದ್ ಮ್ಯಾಲೆ ಕಸದ್ ಗಾಡಿಗೆ ಸೇರ್ಕಂಡಾ?"

ಅಂದಾನಯ್ಯ ತಲೆ ಎತ್ತಲಿಲ್ಲ. "ಹೂಂ ಕಣಪ್ಪ. ಹತ್ತು, ನಿನ್ನೂ ತುಂಬ್ಕಂಡು ಓಯ್ತೀವಿ."

ಪ್ರೇಮಮ್ಮ ಮೊರ ಅಲುಗುವಂತೆ ನಕ್ಕಳು. ಮಹದೇವಸ್ವಾಮಿಯೂ ನಕ್ಕ. "ನಾಕ್ ಗಂಟೆ, ಮರಿಬ್ಯಾಡಿ," ಎಂದು ಕೈಗಡಿಯಾರ ತಟ್ಟಿ ತೋರಿಸಿ ಹೋದ.

ಬೋಲ್ಟು ಒಂದು ಗಂಟೆಗೆ ಸಡಿಲವಾಯಿತು. ಹಳೆಯದನ್ನು ಇಳಿಸಿದಳು. ತಿರುಗಿಸಿದರೆ ಒಳಗೆ ಕರಕರ ಎಂದು ಮರಳು ತುಂಬಿದ ಸದ್ದು. ಹೊಸದನ್ನು ಎದೆಯ ಮೇಲೆ ಇಟ್ಟುಕೊಂಡು ಬೆನ್ನ ಮೇಲೆ ಸರಿದು ಒಳಗೆ ಹೋದಳು. ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದು ಇನ್ನೊಂದರಲ್ಲಿ ಬೋಲ್ಟು ತೂರಿಸಬೇಕು. ತೂತಿಗೆ ತೂತು ಸೇರದು. ಆಗ ಮೇಲಿನಿಂದ ಅಂದಾನಯ್ಯನ ಕೈ ಬಂದು ಆಲ್ಟರ್ನೇಟರನ್ನು ಹಿಡಿದು ಒಂದು ಎಳೆ ಪಕ್ಕಕ್ಕೆ ಸರಿಸಿತು. ಬೋಲ್ಟು ಒಳಗೆ ಹೋಯಿತು.

ಆಮೇಲೆ ಕೆಲಸ ಬೇಗ ಬೇಗ ಸಾಗಿತು. ಬೆಲ್ಟು ಏರಿಸಿದರು. ಅಂದಾನಯ್ಯ ಒಂದು ಹಾರೆಕೋಲಿನಿಂದ ಆಲ್ಟರ್ನೇಟರನ್ನು ಆಚೆಗೆ ಒತ್ತಿ ಹಿಡಿದ, ಇವಳು ಬೋಲ್ಟು ಬಿಗಿದಳು. ಬೆಲ್ಟನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿದ, ತಲೆಯಾಡಿಸಿದ. ಹಿಂದಿನ ದಿನ ಪಾಂಡವಪುರದ ಅಂಗಡಿಯಲ್ಲಿ ಚಾರ್ಜಿಗೆ ಹಾಕಿ ತಂದಿದ್ದ ಬ್ಯಾಟರಿಗೆ ವೈರು ಕೂಡಿಸಿದರು. ಯಶೋಧ ನಿಂತುಕೊಂಡೇ ಒಳಗೆ ಕೈ ಚಾಚಿ ಕೀ ತಿರುಗಿಸಿದಳು.

ಗಾಡಿ ಒಂದೇ ಏಟಿಗೆ ಎದ್ದಿತು. ಮೀಟರ್ ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿ, ಆರಿತು.

ಆರಿಯೇ ಇತ್ತು, ಬ್ಯಾಟರಿಗೆ ಕರೆಂಟು ಹೋಗುತ್ತಿತ್ತು. ಎರಡು ಮುಕ್ಕಾಲು. ಹದಿನೈದು ನಿಮಿಷದ ದಾರಿ, ಒಂದು ಗಂಟೆ ಕೈಯಲ್ಲಿದೆ. ಸ್ನಾನ ಮಾಡಬಹುದು, ಉಣ್ಣಬಹುದು. ಯಶೋಧ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡಳು, ಮುಖಕ್ಕೆ ಇನ್ನಷ್ಟು ಮಸಿಯಾಯಿತು.

"ಆಯ್ತಲ್ಲ! ಕಾಪಿ ಮಾಡ್ತೀನಿ," ಎಂದು ಪ್ರೇಮಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು.

*

ಆದದ್ದೆಲ್ಲ ಅದಾದ ಮೇಲೆ, ಒಂದು ನಿಮಿಷದೊಳಗೆ.

ಅಂದಾನಯ್ಯ ಒಳಗೆ ಬಗ್ಗಿ ಹೆಡ್‌ಲೈಟು ಹಾಕಿದ. ಪೆಟ್ಟಿಗೆಯಿಂದ ಹತ್ತರ ಸ್ಪ್ಯಾನರ್ ತೆಗೆದ. ಗಾಡಿಯ ಪಕ್ಕದಲ್ಲಿದ್ದ ಬ್ಯಾಟರಿಯ ಹತ್ತಿರ ಹೋಗಿ, ಮಂಡಿಯೂರದೆ ಬಗ್ಗಿ, ವೈರು ಕಚ್ಚಿದ ಜಾಗಕ್ಕೆ ಸ್ಪ್ಯಾನರ್ ಇಟ್ಟ. ಎಂಜಿನ್ನು ಓಡುತ್ತಲೇ ಇತ್ತು.

ಯಶೋಧಳಿಗೆ ತಕ್ಷಣ ಗೊತ್ತಾಯಿತು. ಅವನ ಕಾಲದ ಟ್ರಾಕ್ಟರು, ಲಾರಿಗಳಿಗೆ ಮಾಡುತ್ತಿದ್ದ ಪರೀಕ್ಷೆ ಇದು. ಎಂಜಿನ್ನು ಓಡುವಾಗ ಬ್ಯಾಟರಿಯ ವೈರು ಕಳಚಬೇಕು. ದೀಪ ಉರಿಯುತ್ತಲೇ ಇದ್ದರೆ ಡೈನಮೊ ಪಾಸು. ಆದರೆ ಟ್ರೈನಿಂಗಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಹೇಳಿದ್ದರು: ಈಗಿನ ಗಾಡಿಗೆ ಇದನ್ನು ಯಾವತ್ತೂ ಮಾಡಬೇಡಿ, ಆಲ್ಟರ್ನೇಟರಿನೊಳಗೆ ಕರೆಂಟನ್ನು ಹದದಲ್ಲಿಡುವ ಒಂದು ಸಣ್ಣ ಬಿಲ್ಲೆ ಇರುತ್ತದೆ, ಬ್ಯಾಟರಿ ಕಳಚಿದ ಕ್ಷಣ ಕರೆಂಟು ಎಲ್ಲಿಗೂ ಹೋಗಲಾಗದೆ ಅದನ್ನೇ ಸುಡುತ್ತದೆ.

ಬೇಡ ಎನ್ನಬೇಕು. ಈಗಲೇ.

ಅವಳು ತಿರುಗಿ ಮನೆಯೊಳಕ್ಕೆ ಓಡಿದಳು.

"ಅತ್ತೆ! ಅತ್ತೆ, ಮಾವಂಗೆ ಯೋಳಿ! ವೈರು ಬಿಚ್ಬ್ಯಾಡಿ ಅಂತ ಯೋಳಿ! ಬೇಗ!"

ಪ್ರೇಮಮ್ಮ ಒಲೆಯ ಮುಂದಿನಿಂದ ಎದ್ದು, ಸೆರಗು ಸರಿಮಾಡಿಕೊಂಡು, "ಏನಂತೆ? ಯಾವ ವೈರು?" ಎನ್ನುತ್ತಾ ನಡುಮನೆ ದಾಟಿ, ಹೊಸಿಲು ದಾಟಿ ಬಂದಳು. ಅಷ್ಟೊತ್ತಿಗೆ ಅಂದಾನಯ್ಯ ಕಳಚಿದ ವೈರನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು, ಬಲಗೈಯಲ್ಲಿ ಹೆಡ್‌ಲೈಟು ತೋರಿಸುತ್ತಾ ನಿಂತಿದ್ದ. ಮುಖ ಅರಳಿತ್ತು.

"ಪಾಸು!" ಎಂದು ಕೂಗಿದ.

ಹೆಡ್‌ಲೈಟು ಹಗಲಿನಲ್ಲೂ ಕಣ್ಣಿಗೆ ಚುಚ್ಚುವಷ್ಟು ಬೆಳ್ಳಗಾಯಿತು. ಆಮೇಲೆ ಮಂಕಾಯಿತು. ಸೀಟಿನ ಅಡಿಯಿಂದ ಸುಟ್ಟ ರಬ್ಬರಿನಂಥ ಸಣ್ಣ ವಾಸನೆ ಬಂತು. ಅಂದಾನಯ್ಯ ಗಡಿಬಿಡಿಯಲ್ಲಿ ವೈರನ್ನು ಮತ್ತೆ ಕಚ್ಚಿಸಿದ. ಯಶೋಧ ಓಡಿ ಬಂದು ಮೀಟರ್ ಬೋರ್ಡಿಗೆ ಇಣುಕಿದಳು. ಕೆಂಪು ದೀಪ ಉರಿಯುತ್ತಿತ್ತು. ಆಕ್ಸಿಲರೇಟರ್ ಒತ್ತಿದಳು. ಉರಿಯುತ್ತಲೇ ಇತ್ತು. ಬೆಲ್ಟು ತಿರುಗುತ್ತಿತ್ತು, ಆಲ್ಟರ್ನೇಟರೂ ತಿರುಗುತ್ತಿತ್ತು, ಬರೀ ತಿರುಗುತ್ತಿತ್ತು.

ಕೀ ಅವಳ ಕೈಯಳತೆಯಲ್ಲೇ ಇತ್ತು. ಒಂದು ಮಾತೂ ಆಡದೆ ಗಾಡಿ ಆಫ್ ಮಾಡಿದ್ದರೆ ಸಾಕಿತ್ತು. ಅದು ಹೊಳೆದದ್ದು ಈಗ.

"ಮಾವ," ಎಂದಳು.

ಅಂದಾನಯ್ಯ ರೂಢಿಯಂತೆ ಹೆಂಡತಿಯ ಕಡೆ ನೋಡಿದ. ಪ್ರೇಮಮ್ಮ ಬಾಯಿ ತೆರೆಯಲಿಲ್ಲ.

"ಮಾವ, ಅದು ಸುಟ್ಟೋಯ್ತು. ಈಗಿನ್ ಗಾಡಿಗೆ ಅಂಗೆ ಬಿಚ್ಬಾರ್ದು. ಒಳಗೆ ಒಂದು ಬಿಲ್ಲೆ ಇರ್ತದೆ, ಸುಟ್ಟೋಯ್ತದೆ. ಟ್ರೈನಿಂಗಲ್ಲಿ ಯೋಳಿದ್ರು."

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಗೊತ್ತಿದ್ರೆ ಯೋಳ್ಬೇಕಾನೆ ನನ್ನವ್ವ! ಇಲ್ಲೇ ನಿಂತಿದ್ದಲ್ಲ!"

"ಅತ್ತೆನ ಕರಿಯಾಕೆ ಓಗಿದ್ದೆ."

ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಆ ಮಾತು ಎಷ್ಟು ಪೆದ್ದಾಗಿದೆ ಎಂದು ಅವಳಿಗೇ ಕೇಳಿಸಿತು. ಅಂದಾನಯ್ಯನಿಗೂ ಕೇಳಿಸಿರಬೇಕು. ಅವನು ಗಾಡಿಯ ಚಕ್ರಕ್ಕೆ ಕೈ ಊರಿ, ಮಡಚದ ಕಾಲನ್ನು ಮುಂದಕ್ಕೆ ಚಾಚಿ, ಗೋಣಿಚೀಲದ ಮೇಲೆ ಕೂತುಬಿಟ್ಟ.

"ಚೆನ್ನಾಗದೆ," ಎಂದಳು ಪ್ರೇಮಮ್ಮ. "ಕಣ್ಮುಂದೆ ಮನೆ ಹತ್ಕಂಡು ಉರಿದ್ರೂ ನೀವು ನನ್ ಕರ್ಕಬರಾಕೇ ಓಯ್ತೀರಿ. ನಾನು ಊರಿಗೋಗಿದ್ರೆ?"

ಎಂಜಿನ್ನು ಒಂದೇ ಸಮ ಓಡುತ್ತಿತ್ತು. ಮೂರು ಗಂಟೆ. ಇನ್ನೊಂದು ಆಲ್ಟರ್ನೇಟರಿಗೆ ಮೈಸೂರಿಗೆ ಹೋಗಿ ಬರುವ ಹೊತ್ತಿಗೆ ಮೀಟಿಂಗು ಮುಗಿದು, ಕೀ ಮಹದೇವಸ್ವಾಮಿಯ ಭಾಮೈದನ ಜೇಬಿನಲ್ಲಿರುತ್ತದೆ. ಯಶೋಧ ಬೀದಿಯ ಆ ತುದಿಯವರೆಗೆ ನಡೆದಳು, ವಾಪಸು ಬಂದಳು. ಅಳು ಬರಲಿಲ್ಲ. ಬಂದಿದ್ದರೆ ಒಂದು ಕೆಲಸವಾದರೂ ಸಿಗುತ್ತಿತ್ತು.

"ಬ್ಯಾಟ್ರಿ ತುಂಬಾ ಅದೆ," ಎಂದ ಅಂದಾನಯ್ಯ. ಈ ಸಲ ಹೆಂಡತಿಯನ್ನು ನೋಡಲಿಲ್ಲ. "ಡೀಜಲ್ ಗಾಡಿ ಕಣವ್ವ. ಒಂದ್ಸಲ ಎದ್ರೆ ಕರೆಂಟು ಜಾಸ್ತಿ ಕೇಳಕಿಲ್ಲ. ಲೈಟು ಬ್ಯಾಡ, ಹಾರನ್ ಬ್ಯಾಡ, ಆಪು ಮಾಡಬ್ಯಾಡ. ಆಪೀಸ್ ಗಂಟ ಏನು, ಕೆ.ಆರ್. ಪೇಟೆ ಗಂಟ ಓಯ್ತದೆ."

ಅವಳು ಅವನ ಮುಖ ನೋಡಿದಳು. ಏಳು ವರ್ಷದಲ್ಲಿ ಇಷ್ಟು ನೇರವಾಗಿ ನೋಡಿರಲಿಲ್ಲ. ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆ ಇತ್ತು.

"ಬನ್ನಿ ಮಾವ," ಎಂದಳು.

*

ಸ್ಪ್ಯಾನರುಗಳನ್ನು ಪೆಟ್ಟಿಗೆಗೆ ತುಂಬಿ, ಸೀಟು ಕೂರಿಸಿ ಹೊರಡುವಾಗ ಮೂರೂವರೆ ದಾಟಿತ್ತು. ಅಂದಾನಯ್ಯ ಪಕ್ಕದ ಸೀಟಿಗೆ ಟವೆಲ್ಲು ಹಾಸಿಕೊಂಡು ಕೂತ. ನಾಲೆಯ ಏರಿಯ ಮೇಲೆ ಗಾಡಿ ಹೊರಟಿತು. ನೀರು ಬಿಟ್ಟಿದ್ದರು, ನಾಲೆ ದಡದವರೆಗೆ ತುಂಬಿ ಗಾಡಿಗಿಂತ ಜೋರಾಗಿ ಹರಿಯುತ್ತಿತ್ತು. ಯಶೋಧಳ ಕಣ್ಣು ದಾರಿಯ ಮೇಲೆ ಅರ್ಧ, ಕೆಂಪು ದೀಪದ ಮೇಲೆ ಅರ್ಧ.

"ಅವ್ರು ಒಳಕ್ಕೆ ಬಗ್ಗಿ ನೋಡಿದ್ರೆ ಆ ದೀಪ ಕಾಣ್ತದಲ್ಲ," ಎಂದ ಅಂದಾನಯ್ಯ.

"ಕಾಣ್ತದೆ."

ಅವನು ಕನ್ನಡಿಯ ಪಕ್ಕ ಅಂಟಿಸಿದ್ದ ದೇವರ ಸ್ಟಿಕ್ಕರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸತೊಡಗಿದ. ಹರಿಯದಂತೆ ಬಿಡಿಸಿ, ದೀಪದ ಮೇಲೆ ಒತ್ತಿ ಅಂಟಿಸಿದ. ಕೆಂಪು ಕಾಣದಾಯಿತು.

"ದೇವ್ರೇ ಕಾಯ್ಬೇಕು," ಎಂದ ಗಂಭೀರವಾಗಿ.

ಯಶೋಧಳಿಗೆ ನಗು ಬಂತು. ಶುಕ್ರವಾರದಿಂದ ಮೊದಲ ಸಲ. ಆದರೆ ನಗು ನಿಂತ ಮೇಲೂ ಸ್ಟಿಕ್ಕರಿನ ಹಿಂದೆ ದೀಪ ಉರಿಯುತ್ತಲೇ ಇತ್ತು. ಅದು ತನಗೆ ಮಾತ್ರ ಕಾಣುತ್ತಿದೆ ಎನ್ನುವುದು ಇನ್ನೂ ಕೆಟ್ಟದಾಗಿತ್ತು.

ಪಂಚಾಯ್ತಿ ಆಫೀಸಿನ ಮುಂದೆ ಗಾಡಿ ನಿಲ್ಲಿಸಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಆಫ್ ಮಾಡಲಿಲ್ಲ. ಸದ್ದಿಗೆ ಒಳಗಿದ್ದವರೆಲ್ಲ ಹೊರಗೆ ಬಂದರು. ರಘುನಂದನ್ ಮುಂದೆ, ಅವನ ಹಿಂದೆ ನಾಲ್ಕೈದು ಮೆಂಬರುಗಳು. ಅವರಲ್ಲಿ ಎರಡನೇ ವಾರ್ಡಿನ ಚಿಕ್ಕಬೋರಮ್ಮ, ಎಲೆಅಡಿಕೆ ಚೀಲ ಹಿಡಿದುಕೊಂಡೇ ಬಂದವಳು.

"ಬಂತಲ್ಲ ಗಾಡಿ!" ಎಂದ ರಘುನಂದನ್.

ಮಹದೇವಸ್ವಾಮಿ ಗಾಡಿಯ ಸುತ್ತ ಒಂದು ಸುತ್ತು ಬಂದ. ಟಯರು ಒದ್ದು ನೋಡಿದ. ಆಮೇಲೆ ಕಿಟಕಿಯಲ್ಲಿ ಬಗ್ಗಿ ಮೀಟರ್ ಬೋರ್ಡು ನೋಡಿದ. ನೋಡಿ, ಕೈಯನ್ನು ಸ್ಟಿಕ್ಕರಿಗೆ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡ. ಅಂದಾನಯ್ಯ ಕೆಮ್ಮಿದ.

"ಹೂಂ, ಸರಿಯಾದಂಗೆ ಅದೆ," ಎಂದ ಮಹದೇವಸ್ವಾಮಿ ಮನಸ್ಸಿಲ್ಲದ ಮನಸ್ಸಿನಿಂದ.

ಇಷ್ಟೇ. ಮುಗಿಯಿತು. ಇನ್ನು ಮನೆಗೆ ಹೋಗಬಹುದಿತ್ತು. ಆದರೆ ಯಶೋಧಳ ಒಳಗಿನದು ಮತ್ತೆ ಸುತ್ತಲು ಶುರುವಾಯಿತು, ಅಂಗಳದಲ್ಲಿ ಸುತ್ತಿದ್ದಕ್ಕಿಂತ ಜೋರಾಗಿ. ನಾಳೆ ಬೆಳಿಗ್ಗೆ ಸ್ಟಿಕ್ಕರಿನ ಹಿಂದೆ ಇದೇ ದೀಪ ಇಟ್ಟುಕೊಂಡು ಹೊರಡಬೇಕು. ಒಂದು ಬೀದಿಯಲ್ಲಿ ನಿಂತರೆ ಆಯಿತು, ಆಗ ಕೆಟ್ಟ ಗಾಡಿಯ ಜೊತೆಗೆ ಸುಳ್ಳೂ ಸೇರುತ್ತದೆ. ಸ್ಟೀರಿಂಗ್ ಹಿಡಿದರೂ ಸುಮ್ಮನಿರಲಾಗದಿದ್ದರೆ ಈ ಗಾಡಿ ಅವಳಿಗೆ ಯಾಕೆ?

ಕೈ ಚಾಚಿ ಸ್ಟಿಕ್ಕರ್ ಕಿತ್ತಳು.

"ಸರ್, ಪೂರ್ತಿ ಸರಿಯಾಗಿಲ್ಲ. ಆಲ್ಟರ್ನೇಟರ್ ಹಾಕಿದ್ವಿ, ಸುಟ್ಟೋಯ್ತು. ಬ್ಯಾಟ್ರಿ ಚಾರ್ಜ್ ಆಗ್ತಿಲ್ಲ. ಈಗ ಬರೀ ಬ್ಯಾಟ್ರಿ ಮೇಲೆ ಓಡ್ತಾ ಅದೆ."

ಮಹದೇವಸ್ವಾಮಿ ತಾನು ಕಣ್ಣಿಗೆ ಒತ್ತಿಕೊಂಡ ಕೈಯನ್ನೇ ಒಮ್ಮೆ ನೋಡಿಕೊಂಡ. ಆಮೇಲೆ ದನಿ ಏರಿಸಿದ. "ನೋಡುದ್ರಾ ಸಾರ್! ಏನ್ ನಾಟ್ಕ! ದೇವ್ರನ್ನ ಅಡ್ಡ ಇಟ್ಟವ್ಳೆ! ಇಸ್ಕಳಿ ಸಾರ್ ಕೀನ. ರಿಪೇರಿ ಬರ್ದೆ ಇದ್ದೋರು ಯಾಕೆ ಮುಟ್ಬೇಕು?"

ಅಂದಾನಯ್ಯ ಬಾಗಿಲು ತೆಗೆದು ಒಂದೊಂದೇ ಕಾಲು ಇಳಿಸಿ ನಿಂತ.

"ಸ್ಟಿಕ್ಕರ್ ಅಂಟುಸ್ದೋನು ನಾನು," ಎಂದ. "ಡೈನಮೊ ಸುಟ್ಟೋನೂ ನಾನು. ಅವ್ಳು ಕಟ್ಟಿದ್ದು ಸರಿಯಾಗೇ ಇತ್ತು, ದೀಪ ಆರೋಗಿತ್ತು. ನಾನು ನಮ್ ಕಾಲದ್ ಬುದ್ಧಿ ಉಪಯೋಗ್ಸಕ್ಕೋಗಿ ವೈರು ಕಿತ್ತೆ. ಮೂವತ್ತೆಂಟು ವರ್ಷ ಕೆಲ್ಸ ಮಾಡಿವ್ನಿ ಮಾದೇವಸ್ವಾಮಿ, ಈ ಗಾಡಿ ನಂಗೆ ಬರ್ನಿಲ್ಲ. ಅವ್ಳಿಗೆ ಬತ್ತದೆ."

ಯಶೋಧ ಸ್ಟೀರಿಂಗಿನ ಮೇಲಿನ ತನ್ನ ಕೈಗಳನ್ನು ನೋಡುತ್ತಿದ್ದಳು. ಗೆಣ್ಣಿನ ರಕ್ತ ಮಸಿಯ ಜೊತೆ ಒಣಗಿತ್ತು.

"ಹಂಗಾದ್ರೆ ನಾಳೆ ಹೇಗೆ?" ಎಂದ ರಘುನಂದನ್.

"ಬೆಳಿಗ್ಗೆ ಆರಕ್ಕೆ ಬರ್ತೀನಿ ಸರ್. ಹಾಡು ಹಾಕಲ್ಲ, ಲೈಟು ಹಾಕಲ್ಲ. ಸೀಟಿ ಊದ್ಕೊಂಡು ಹೋಗ್ತೀನಿ. ಮುಗಿಸ್ಕೊಂಡು ಬಂದು ಬ್ಯಾಟ್ರಿ ಚಾರ್ಜಿಗೆ ಹಾಕ್ತೀನಿ. ಹೊಸ ಆಲ್ಟರ್ನೇಟರ್ ಹಾಕೋ ತನ್ಕ ಹಿಂಗೇ. ಒಂದು ದಿನಾನೂ ನಿಲ್ಲಲ್ಲ."

"ಮಧ್ಯದಲ್ಲಿ ನಿಂತ್ರೆ?" ಎಂದ ಮಹದೇವಸ್ವಾಮಿ.

"ನಿಂತ್ರೆ ಅವತ್ತು ಕೀ ಈಸ್ಕೊಳಿ."

ಚಿಕ್ಕಬೋರಮ್ಮ ಪಕ್ಕಕ್ಕೆ ತಿರುಗಿ ಎಲೆಅಡಿಕೆ ಉಗಿದು ಬಂದಳು. "ಮಾದೇವಸ್ವಾಮಿ, ನಿನ್ ಭಾಮೈದ ನಾಳೆ ಬೆಳಿಗ್ಗೆ ಈ ಗಾಡಿ ಓಡುಸ್ತಾನಾ? ಈ ಕೆಂಪು ದೀಪ ಮಡಿಕ್ಕಂಡು?"

"ರಿಪೇರಿ ಆದ್ಮೇಲೆ..."

"ರಿಪೇರಿ ಆಗಗಂಟ ನಮ್ ಬೀದಿ ಕಸ ನಿಮ್ಮನೆ ಮುಂದಕ್ಕೆ ತಂದು ಸುರೀಲಾ? ಮೂರು ದಿನದಿಂದ ನಾರ್ತಾ ಅದೆ, ಮೂಗು ಬುಡಕಾಗಕಿಲ್ಲ. ಬರ್ಕಳಿ ಸಾರ್, ಯಶೋಧನೇ ಓಡುಸ್ಲಿ ಅಂತ. ಎಲ್ಗೆ ಎಬ್ಬೆಟ್ಟು ಒತ್ಬೇಕು ಯೋಳಿ, ಒತ್ತೀನಿ. ಒಳಕ್ಕೆ ನಡೀರಿ, ಬೀದಿ ದೀಪದ್ ಮಾತೂ ಅದೆ."

ಇನ್ನಿಬ್ಬರು ಮೆಂಬರುಗಳು ಹೂಂಗುಟ್ಟಿದರು. ರಘುನಂದನ್ ಕಿಟಕಿಯ ಹತ್ತಿರ ಬಂದು, "ಗುರುವಾರ ಮೆಕ್ಯಾನಿಕ್ ನೋಡಿ ಚಾರ್ಜಿಂಗ್ ಸರಿ ಇದೆ ಅಂತ ಹೇಳ್ಬೇಕು. ಅಲ್ಲಿವರೆಗೂ, ಆಮೇಲೂ, ಗಾಡಿ ನಿಮ್ಮ ಹತ್ರಾನೇ. ಹೀಗಂತ ಬರೀತೀನಿ" ಎಂದು ಹೇಳಿ ಒಳಗೆ ಹೋದ. ಮಹದೇವಸ್ವಾಮಿ ಕೊನೆಗೆ ಹೋದವನು, ಹೋಗುವಾಗ ಮತ್ತೊಮ್ಮೆ ಟಯರು ಒದ್ದ.

*

ವಾಪಸು ಬರುವಾಗ ಯಶೋಧ ಆಗಲೇ ಲೆಕ್ಕ ಹಾಕುತ್ತಿದ್ದಳು. ಗಾಡಿ ಮನೆ ಮುಂದೆ ನಿಲ್ಲಿಸಿ, ಬ್ಯಾಟರಿ ಚಾರ್ಜಿಗೆ ಕೊಟ್ಟು, ಐದೂಕಾಲಿನ ಬಸ್ಸು ಹಿಡಿದರೆ ಅಂಗಡಿ ಮುಚ್ಚುವುದರೊಳಗೆ ಮೈಸೂರು.

"ಇವತ್ತೇನಾ?" ಎಂದ ಅಂದಾನಯ್ಯ. "ಗುರ್ವಾರ ಅಂದ್ರಲ್ಲವ್ವಾ. ಉಸ್ರಾದ್ರೂ ಬುಡು."

"ಇವತ್ತೇ ಮಾವ. ನಾಳೆ ಸಾಯಂಕಾಲ ಕಟ್ಬೇಕು. ನೀವು ಬ್ಯಾಟ್ರಿ ಹತ್ರ ಬರಂಗಿಲ್ಲ."

"ಅಂಗಾರೆ ನಾನೇನ್ ಮಾಡ್ಲಿ?"

"ಹಾರೆಕೋಲು ಹಿಡ್ಕೊಳಿ. ಸ್ಪ್ಯಾನರ್ ಕೇಳಿದಾಗ ಕೊಡಿ."

ಅಂದಾನಯ್ಯ ಹೊರಗೆ ನಾಲೆಯ ಕಡೆ ನೋಡಿದ. ಕೋಪ ಬಂತೇನೋ ಎಂದುಕೊಂಡಳು. "ಎಷ್ಟರ ಸ್ಪ್ಯಾನರ್ ಅಂತ ನೀನೇ ಕೂಗು ಮತ್ತೆ," ಎಂದ. "ಅವ್ಳನ್ನ ನಡುವೆ ಕುಂಡ್ರುಸ್ಕಬ್ಯಾಡ. ಅವರೆಕಾಯಿ ಸುಲಿಯದ್ ಬುಟ್ಟು ನಮ್ ಕತೆನೇ ಊರೆಲ್ಲ ಸುಲಿತಾಳೆ."

ಸೇತುವೆಯ ತಿರುವಿನಲ್ಲಿ ಕಬ್ಬಿನ ಟ್ರಾಕ್ಟರೊಂದು ಎರಡು ಟ್ರೇಲರು ಕಟ್ಟಿಕೊಂಡು ದಾರಿಗೆ ಅಡ್ಡ ನಿಂತಿತ್ತು. ಡ್ರೈವರು ಇಳಿದು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ. ಯಶೋಧಳ ಕೈ ಹಾರನ್ನಿಗೆ ಹೋಗಿ ನಿಂತಿತು. ಬ್ಯಾಟರಿ ಉಳಿಸಬೇಕು. ಎಂಜಿನ್ನು ಒಂದೇ ಸಮ ಓಡುತ್ತಿತ್ತು, ನಾಲ್ಕು ಇಪ್ಪತ್ತೈದಾಗಿತ್ತು.

ಅವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು.

"ಏ ಅಣ್ಣಾ! ಫೋನ್ ಆಮೇಲ್ ಮಾಡೀವಂತೆ, ಗಾಡಿ ಜರುಗ್ಸೂ! ಬಸ್ ಹಿಡೀಬೇಕು ನಂಗೆ!"

ನಾಗಮಂಗಲದ ಹೊಲಗಳಲ್ಲಿ ಬೆಳೆದ ಗಂಟಲು ಅದು. ನಾಲೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರೂ ತಿರುಗಿ ನೋಡಿದರು. ಟ್ರಾಕ್ಟರಿನವನು ಫೋನು ಕಿವಿಯಿಂದ ತೆಗೆದ. ಆದರೂ ಅಲುಗಲಿಲ್ಲ. ಆಗ ಇನ್ನೊಂದು ಕಿಟಕಿಯಿಂದ ಅಂದಾನಯ್ಯ ತಲೆ ಹಾಕಿದ.

"ಕೇಳಿಸ್ನಿಲ್ವೇನ್ಲಾ? ಜರುಗ್ಸು ಅಂತಾವ್ಳೆ!"